ಒಂದು ನಿಮಿಷದ ಮಾಸ್ತರಿಕೆ: ಕಲಬುರಗಿಯ ಅರ್ಧ ದಿನದ ತರಬೇತಿ ಹೇಗಿತ್ತು

ಹದಿನಾರು ವರ್ಷದಿಂದ ಸರ್ಜರಿ ಪಿಜಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದೇನೆ. ಪಾಠ ಅಂದರೆ ರೌಂಡ್ಸ್‌ನಲ್ಲಿ ಬೈಯುವುದು, ಬೈದು ಉತ್ತರವನ್ನೂ ನಾನೇ ಹೇಳಿಬಿಡುವುದು. ಕಳೆದ ತಿಂಗಳು ಇಲ್ಲಿ ನಡೆದ ಬೋಧಕರ ತರಬೇತಿಗೆ 800 ರೂಪಾಯಿ ಕಟ್ಟಿ ಹೋದದ್ದೂ ಸರ್ಟಿಫಿಕೇಟಿನ ಆಸೆಗೆ.

ಹೇಳಿಕೊಟ್ಟದ್ದು ‘ಒನ್ ಮಿನಿಟ್ ಪ್ರಿಸೆಪ್ಟರ್’ ಎಂಬ ಪಾಠ ಹೇಳುವ ಕ್ರಮ. 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್‌ನವರು ಬರೆದದ್ದು. ಐದು ಹೆಜ್ಜೆ: ಮೊದಲು ಹುಡುಗನ ಬಾಯಿಂದಲೇ ತೀರ್ಮಾನ ಹೊರಡಿಸಬೇಕು, ಯಾಕೆ ಹಾಗಂದೆ ಎಂದು ಕೇಳಬೇಕು, ಒಂದು ಸೂತ್ರ ಹೇಳಬೇಕು, ಸರಿಯಾದದ್ದನ್ನು ಬಿಡಿಸಿ ಮೆಚ್ಚಬೇಕು, ತಪ್ಪು ತಿದ್ದಬೇಕು. ಜೇಬಿಗೊಂದು ಲ್ಯಾಮಿನೇಟೆಡ್ ಕಾರ್ಡು ಕೊಟ್ಟರು. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಅದರಲ್ಲಿ ತಕರಾರಿಲ್ಲ.

ಸೋಮವಾರ ರೌಂಡ್ಸ್. ಜೇವರ್ಗಿ ಕಡೆಯ ರೈತ, ಶುಗರ್ ಇದೆ, ತೊಗರಿ ಕೂಳೆ ಚುಚ್ಚಿ ಪಾದದ ಮೇಲ್ಭಾಗ ಬಾತಿತ್ತು. ಎರಡನೇ ವರ್ಷದ ಹುಡುಗ ನನ್ನ ಮುಖ ನೋಡಿದ.

‘ನೀ ಏನಂತಿ?’

‘ಸೆಲ್ಯುಲೈಟಿಸ್ ಸರ್, ಚರ್ಮದ ಸೋಂಕಷ್ಟೇ. ಆಂಟಿಬಯಾಟಿಕ್ ಸಾಕು.’

ನಾಲಿಗೆ ತುದಿಯ ಬೈಗುಳ ನುಂಗಿ, ‘ಏನ್ ನೋಡಿ ಹಂಗಂದಿ?’ ಎಂದೆ. ಮೇಲೆ ಕೆಂಪಾಗಿದೆ, ನಾಡಿ ಸಿಗುತ್ತದೆ, ಅಂಗಾಲಲ್ಲಿ ಬಾವಿಲ್ಲ, ನೋವೂ ಇಲ್ಲ ಎಂದ. ಎಲ್ಲಿ ಎಡವಿದ್ದಾನೆಂದು ಆಗ ಕಂಡಿತು. ಇಷ್ಟು ವರ್ಷ ಈ ಜಾಗ ಮುಟ್ಟುವ ಮೊದಲೇ ನಾನು ಉತ್ತರ ಹೇಳಿ ಮುಂದಿನ ಬೆಡ್ಡಿಗೆ ಹೋಗಿರುತ್ತಿದ್ದೆ. ಅಂಗಾಲಿನ ಪದರ ಗಟ್ಟಿ, ಒಳಗೆ ಕೀವು ತುಂಬಿದರೂ ಬಾವು ಕಾಣುವುದು ಸಡಿಲವಾದ ಮೇಲ್ಭಾಗದಲ್ಲೇ. ಶುಗರಿನಿಂದ ನರ ಸತ್ತ ಕಾಲು ನೋವು ಹೇಳುವುದಿಲ್ಲ ಎಂದೆ. ನಾಡಿ ನೋಡಿದ್ದು ಸರಿ, ಅಂಗಾಲು ಒತ್ತದೆ ಬಿಟ್ಟದ್ದು ತಪ್ಪು. ಒತ್ತಿದ. ಚುಚ್ಚಿದ ತೂತಿನಿಂದ ಕೀವು ಬಂತು. ಮಧ್ಯಾಹ್ನವೇ ಆಪರೇಷನ್ ಥಿಯೇಟರಿಗೆ ತೆಗೆದುಕೊಂಡೆವು.

ಗೋಡೆ ಗಡಿಯಾರದಲ್ಲಿ ಆರು ನಿಮಿಷ. ಒಂದು ನಿಮಿಷ ಅನ್ನುವುದು ಹೆಸರಿಗಷ್ಟೇ. ಆದರೂ 800 ರೂಪಾಯಿಗೆ ಮೋಸವಿಲ್ಲ.

ತಕರಾರು ಬೇರೆ. ಉದಾಹರಣೆಗಳೆಲ್ಲ ಓಪಿಡಿಯ ಕೆಮ್ಮು, ಜ್ವರ. ನಮಗೆ ಬೇಕಿದ್ದದ್ದು 2009ರ ‘ಬಿಐಡಿ’ (ಬ್ರೀಫಿಂಗ್, ಇಂಟ್ರಾಆಪರೇಟಿವ್, ಡಿಬ್ರೀಫಿಂಗ್) ಮಾದರಿ: ಕೈ ತೊಳೆಯುವಾಗ ‘ಇವತ್ತು ಏನ್ ಕಲೀಬೇಕಂತಿ?’ ಎಂದು ಕೇಳಿ, ಆಪರೇಷನ್ ಉದ್ದಕ್ಕೂ ಅದನ್ನೇ ಹಿಡಿದು, ಹೊಲಿಗೆ ಹಾಕುವಾಗ ಹೇಗಾಯಿತೆಂದು ಮಾತಾಡುವುದು. ಅದಕ್ಕೆ ಕೊಟ್ಟದ್ದು ಕೊನೆಯ ಹತ್ತು ನಿಮಿಷ, ಅಷ್ಟರಲ್ಲಿ ಕರೆಂಟೂ ಹೋಯಿತು. ರೋಗಿಯ ಪಾತ್ರ ಮಾಡಿದವರಂತೂ ಗೊಂಬೆಯ ಹಾಗೆ ಮಲಗಿದ್ದರು. ನಮ್ಮ ವಾರ್ಡಿನಲ್ಲಿ ಹಾಗೆ ಯಾರು ಮಲಗುತ್ತಾರೆ? ‘ತಪ್ಪು’ ಅಂದದ್ದು ಆ ರೈತನ ಕಿವಿಗೂ ಬಿದ್ದಿತ್ತು. ‘ಸಣ್ಣ ಡಾಕ್ಟ್ರಿಗಿ ಬೈಬ್ಯಾಡ್ರಿ ಸಾಹೇಬ್ರ, ರಾತ್ರಿ ಎರಡ್ ಸಲ ಬಂದು ನೋಡ್ಯಾರ’ ಎಂದ.

ಐದನೆಯದು ಬಾಗಿಲಾಚೆ ಎಂದು ಕಾರ್ಡಿನ ಹಿಂದೆ ಪೆನ್ನಿನಿಂದ ಬರೆದಿಟ್ಟುಕೊಂಡಿದ್ದೇನೆ.