ಬೆಲ್ಟ್ ಸಿಗದವರ ಕತೆ ಹೇಳುವ ಗೇಮ್: ‘ವರ್ಲ್ಡ್ ಆಫ್ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ 5’ ಬಹಳ ದಿನ ಆಡಿದ ಮೇಲೆ

ಬಟನ್ ಒತ್ತಿ ಹೊಡೆದಾಡಬೇಕು, ರಕ್ತ ಚಿಮ್ಮುವುದು ಕಾಣಬೇಕು ಅನ್ನುವವರಿಗೆ ಈ ಗೇಮ್ ಅಲ್ಲ. ಇದರಲ್ಲಿ ಗ್ರಾಫಿಕ್ಸೇ ಇಲ್ಲ, ಬರೀ ಅಕ್ಷರ. ನೀವು ಫೈಟರ್ ಅಲ್ಲ, ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ (ಎಂಎಂಎ), ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಫೈಟ್ ನಡೆಸುವ ಕಂಪನಿಯ ಯಜಮಾನ. ನಮ್ಮ ಜತ್ತ ತಾಲೂಕಿನ ಜಾತ್ರೆಗಳಲ್ಲಿ ಹಿರಿಯರು ಕೂತು ಕುಸ್ತಿಗೆ ಜೋಡಿ ಹಚ್ಚುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಯಾರಿಗೆ ಯಾರು ಎದುರಾಳಿ, ಯಾರಿಗೆ ಎಷ್ಟು ದುಡ್ಡು, ಚಾಂಪಿಯನ್ ಪಟ್ಟದ ಬೆಲ್ಟಿಗೆ ಯಾರು ಆಡಬೇಕು, ಎಲ್ಲ ನೀವೇ ತೀರ್ಮಾನಿಸಬೇಕು. ಫೈಟ್ ಶುರುವಾದ ಮೇಲೆ ಮಾತ್ರ ನಿಮ್ಮ ಕೈಯಲ್ಲಿ ಏನೂ ಇಲ್ಲ. ಪರದೆಯ ಮೇಲೆ ಒಂದೊಂದೇ ಸಾಲು ಬರುತ್ತದೆ, ಓದುತ್ತಾ ಕೂರಬೇಕು.

ಇಷ್ಟು ದಿನ ಇದನ್ನು ಬಿಡದೆ ಆಡಲು ನನಗಿರುವ ಕಾರಣ ಒಂದೇ. ಬೆಲ್ಟಿಗಾಗಿ ಆಡುವ ಟೈಟಲ್ ಫೈಟ್‌ವರೆಗೆ ಬಂದು ಬಂದು ಸೋಲುವ ಫೈಟರ್‌ನನ್ನು ಈ ಗೇಮ್ ನಿಜವಾಗಿ ಅರ್ಥ ಮಾಡಿಕೊಂಡಿದೆ.

ಗೇಮಿನ ಎಡಿಟರ್‌ನಲ್ಲಿ ನಾನೇ ಒಬ್ಬನನ್ನು ಮಾಡಿಕೊಂಡೆ. ಜತ್ತದ ಹುಡುಗ, ಮಣ್ಣಿನ ಕುಸ್ತಿ ಆಡಿ ಬಂದವನು, 70 ಕೆಜಿ ಆಸುಪಾಸಿನ ಲೈಟ್‌ವೆಯ್ಟ್. ಎದುರಾಳಿಯನ್ನು ನೆಲಕ್ಕೆ ಕೆಡವುವ ಟೇಕ್‌ಡೌನ್ ಭಾರಿ ಜೋರು, ಕೈ ಹೊಡೆತ ಸಾಧಾರಣ, ದಮ್ಮು ಸ್ವಲ್ಪ ಕಡಿಮೆ. ಮಾಮೂಲಿ ಫೈಟ್‌ಗಳಲ್ಲಿ ಅವನನ್ನು ತಡೆಯುವವರೇ ಇರಲಿಲ್ಲ. ಬೆಲ್ಟಿಗೆ ನಿಲ್ಲಿಸಿದಾಗೆಲ್ಲ ಸೋತ. ಮೊದಲ ಸಲ ಜಡ್ಜ್‌ಗಳ ತೀರ್ಪಿನಲ್ಲಿ. ಎರಡನೇ ಸಲದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂರು ರೌಂಡ್ ಚಾಂಪಿಯನ್ನನ್ನು ಎತ್ತಿ ಎತ್ತಿ ಕೆಡವಿದ. ನಾಲ್ಕನೇ ರೌಂಡಿನಲ್ಲಿ ಕಾಲಿಗೆ ಕೈ ಹಾಕಿದ, ಸಿಗಲಿಲ್ಲ. ಮುಂದಿನ ಸಾಲಿನಲ್ಲಿ ಇವನು ಮಂಡಿಯ ಮೇಲಿದ್ದಾನೆ, ಚಾಂಪಿಯನ್ ಬೆನ್ನೇರಿದ್ದಾನೆ. ಅದರ ಮುಂದಿನದರಲ್ಲಿ ಕುತ್ತಿಗೆ ಸುತ್ತ ಕೈ ಬಿಗಿದಿದೆ. ಆಮೇಲೆ ಟ್ಯಾಪ್, ಅಂದರೆ ಕೈ ತಟ್ಟಿ ಸೋಲೊಪ್ಪಿದ. ಬರೀ ಅಕ್ಷರ ಓದಿಯೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಯಾಕೆ ಹೀಗಾಗುತ್ತದೆ ಎಂದು ಅವನ ಹಳೆಯ ಫೈಟ್‌ಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ನನ್ನ ಕಂಪನಿಯಲ್ಲಿ ಮಾಮೂಲಿ ಫೈಟ್ ಮೂರು ರೌಂಡ್, ಟೈಟಲ್ ಫೈಟ್ ಐದು ರೌಂಡ್. ರೌಂಡಿಗೆ ಐದು ನಿಮಿಷದಂತೆ ಹದಿನೈದು ನಿಮಿಷದ ಆಟ ಇಪ್ಪತ್ತೈದಕ್ಕೆ ಹೋಗುತ್ತದೆ. ಅವನ ದಮ್ಮು ಇದ್ದದ್ದು ಹದಿನೈದಕ್ಕೆ. ‘ದೊಡ್ಡ ಫೈಟ್ ಅಂದರೆ ಹೆದರುತ್ತಾನೆ’ ಅಂತ ಜನ ಸುಮ್ನೆ ಹೇಳಿಬಿಡುತ್ತಾರೆ. ಹೆದರಿಕೆ ಅಲ್ಲ, ಲೆಕ್ಕ.

ನಿಜವಾದ ಎಂಎಂಎ ನೋಡುವವರಿಗೆ ಇದು ಹೊಸದಲ್ಲ. 2010ರ ಆಗಸ್ಟ್‌ನಲ್ಲಿ ಚೇಲ್ ಸೊನ್ನೆನ್ ನಾಲ್ಕು ರೌಂಡ್ ಚಾಂಪಿಯನ್ ಆಂಡರ್ಸನ್ ಸಿಲ್ವಾನನ್ನು ಕೆಳಗೆ ಹಾಕಿ ಗುದ್ದಿದ್ದ. ಐದನೇ ರೌಂಡ್ ಮುಗಿಯಲು ಎರಡು ನಿಮಿಷವೂ ಇಲ್ಲದಿದ್ದಾಗ ಸಿಲ್ವಾ ಕಾಲುಗಳಲ್ಲಿ ಕುತ್ತಿಗೆ ಸಿಕ್ಕಿಸಿ ಟ್ಯಾಪ್ ಮಾಡಿಸಿದ. ಮೂರೇ ರೌಂಡ್ ಇದ್ದಿದ್ದರೆ? ಕೆನ್ನಿ ಫ್ಲೋರಿಯನ್ ಎಂಎಂಎಯ ದೊಡ್ಡ ಕಂಪನಿ ಯುಎಫ್‌ಸಿಯಲ್ಲಿ ಎರಡು ತೂಕದ ವರ್ಗಗಳಲ್ಲಿ ಮೂರು ಸಲ ಬೆಲ್ಟಿಗೆ ಆಡಿ ಮೂರೂ ಸೋತ. ಯುರೈಯಾ ಫೇಬರ್ ಡಬ್ಲ್ಯುಇಸಿ ಎಂಬ ಇನ್ನೊಂದು ಕಂಪನಿಯಲ್ಲಿ ಚಾಂಪಿಯನ್ ಆಗಿದ್ದವನು, ಯುಎಫ್‌ಸಿಗೆ ಬಂದು ನಾಲ್ಕು ಟೈಟಲ್ ಫೈಟ್ ಆಡಿ ನಾಲ್ಕೂ ಸೋತ. 2014ರಲ್ಲಿ ರೆನಾನ್ ಬರಾವೊ ಎದುರು ರೆಫ್ರಿ ಫೈಟ್ ನಿಲ್ಲಿಸಿದಾಗ, ನಾನು ಸರಿಯಾಗಿದ್ದೇನೆ ಎಂದು ಫೇಬರ್ ಹೆಬ್ಬೆರಳು ತೋರಿಸುತ್ತಿದ್ದ. ಆದರೂ 2017ರಲ್ಲಿ ಅವನ ಹೆಸರು ಯುಎಫ್‌ಸಿ ಹಾಲ್ ಆಫ್ ಫೇಮ್‌ಗೆ ಸೇರಿತು.

ನನಗೆ ಎಲ್ಲರಿಗಿಂತ ಜಾಸ್ತಿ ನೆನಪಾಗುವವನು ಜೋಸೆಫ್ ಬೆನವಿಡೆಝ್. ಬೆಲ್ಟಿಗಾಗಿ ಡಿಮೆಟ್ರಿಯಸ್ ಜಾನ್ಸನ್ ಎದುರು 2012ರಲ್ಲಿ ಕೂದಲೆಳೆಯಲ್ಲಿ ಸೋತ, 2013ರಲ್ಲಿ ಮೊದಲ ರೌಂಡಿನಲ್ಲೇ ನಾಕೌಟ್ ಆದ. ಎರಡು ಸಲ ಸೋತವನಿಗೆ ಅದೇ ಚಾಂಪಿಯನ್ ಎದುರು ಮೂರನೇ ಅವಕಾಶ ಯಾರು ಕೊಡುತ್ತಾರೆ? ಅವನೋ ಎದುರು ಬಂದವರನ್ನೆಲ್ಲ ಸೋಲಿಸುತ್ತಾ ಹೋದ. 2016ರ ಡಿಸೆಂಬರ್‌ನಲ್ಲಿ ಹೆನ್ರಿ ಸೆಹುಡೊನನ್ನೂ ಸೋಲಿಸಿದ. ಅದೇ ಸೆಹುಡೊ 2018ರಲ್ಲಿ ಜಾನ್ಸನ್‌ನನ್ನು ಸೋಲಿಸಿ ಬೆಲ್ಟ್ ಹೊತ್ತ. 2020ರ ಫೆಬ್ರವರಿಯಲ್ಲಿ ಬೆನವಿಡೆಝ್‌ಗೆ ಮತ್ತೆ ಅವಕಾಶ ಬಂತು. ಎದುರಾಳಿ ಫಿಗೆರೆಡೊ ತೂಕ ಮೀರಿದ್ದರಿಂದ ಗೆದ್ದರೆ ಬೆಲ್ಟ್ ಸಿಗುತ್ತಿದ್ದದ್ದು ಬೆನವಿಡೆಝ್ ಒಬ್ಬನಿಗೇ. ಆ ದಿನವೂ ಸೋತ. ಓದುವಾಗ ಹೊಟ್ಟೆ ಉರಿಯುತ್ತದೆ ಅಲ್ವಾ?

ಈ ಗೇಮಿನಲ್ಲಿ ಇದೇ ಕಗ್ಗಂಟು ನಿಮ್ಮ ಮುಂದೆ ಬರುತ್ತದೆ, ಬಿಡಿಸಬೇಕಾದವರು ನೀವೇ. ಎರಡು ಸಲ ಸೋತವನನ್ನು ಅದೇ ಚಾಂಪಿಯನ್ ಎದುರು ಮತ್ತೆ ನಿಲ್ಲಿಸಲು ಧೈರ್ಯ ಬೇಕು. ಹಾಗಂತ ಬೆಳೆಯುತ್ತಿರುವ ಹುಡುಗರ ಎದುರು ನಿಲ್ಲಿಸಿದರೆ ಒಬ್ಬೊಬ್ಬರನ್ನೇ ಮುಗಿಸಿಹಾಕುತ್ತಾನೆ. ಕೊನೆಗೆ ಬೆಲ್ಟಿಗೆ ಆಡಿಸಲು ಹೊಸ ಮುಖವೇ ಉಳಿಯುವುದಿಲ್ಲ. ಮೇಲಿನ ತೂಕಕ್ಕೆ ಕಳಿಸಿದರೆ ಅಲ್ಲಿ ದೊಡ್ಡ ಮೈಯವರ ಕೈಗೆ ಸಿಗುತ್ತಾನೆ. ಬಿಟ್ಟುಬಿಟ್ಟರೆ ಇನ್ನೊಂದು ಕಂಪನಿ ಎತ್ತಿಕೊಂಡು ಹೋಗುತ್ತದೆ. ಇಷ್ಟರ ನಡುವೆ ಅವನ ವಯಸ್ಸು ಏರುತ್ತಲೇ ಇರುತ್ತದೆ. ಒಂದು ರಾತ್ರಿ ಕಾರ್ಡ್, ಅಂದರೆ ಒಂದು ದಿನದ ಫೈಟ್‌ಗಳನ್ನೆಲ್ಲ, ಜೋಡಿಸುತ್ತಾ ಕೂತಿದ್ದೆ. ಹರೆಯದಲ್ಲಿ ಕುಸ್ತಿ ಆಡಿದ ನಮ್ಮ ಕಾಕಾ ಹಿಂದೆ ಬಂದು ನಿಂತು, “ಮತ್ತ ಇವಂಗ ಕೊಟ್ಟೀಯೇನಲೇ?” ಅಂದರು. ಹೌದು ಅಂದೆ. ಅವರೂ ಕುರ್ಚಿ ಎಳೆದು ಕೂತರು. ನಾನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವರು ಪ್ರತಿ ಪಟ್ಟಿಗೂ “ಹಂಗ ಅಲ್ಲ, ಸೊಂಟಾ ಹಿಡೀಬೇಕು” ಅನ್ನುತ್ತಾ ಕೇಳಿದರು.

ಉಳಿದ ವಿಷಯ ಬೇಗ ಹೇಳಿಬಿಡುತ್ತೇನೆ. ವಿಂಡೋಸ್ ಕಂಪ್ಯೂಟರ್ ಬೇಕು, ಮೊಬೈಲ್‌ನಲ್ಲಿ ಆಡಲಾಗದು. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೇ ಆರಾಮಾಗಿ ನಡೆಯುತ್ತದೆ. ಎಲ್ಲ ಇಂಗ್ಲಿಷ್‌ನಲ್ಲೇ ಇದೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಮೊದಮೊದಲು ನಿಧಾನ ಆಗುತ್ತದೆ, ಆದರೆ ಅವೇ ಪದಗಳು ಮತ್ತೆ ಮತ್ತೆ ಬರುವುದರಿಂದ ಬೇಗ ಹಿಡಿತಕ್ಕೆ ಸಿಗುತ್ತದೆ. ಗೇಮಿನ ಜೊತೆ ಬರುವುದು ಕಲ್ಪನೆಯ ಕಂಪನಿಗಳು, ಕಲ್ಪನೆಯ ಫೈಟರ್‌ಗಳು. ನಿಜ ಹೆಸರುಗಳು ಬೇಕಾದರೆ ಅಭಿಮಾನಿಗಳೇ ಮಾಡಿದ ಡೇಟಾಬೇಸ್‌ಗಳಿವೆ. ನನ್ನ ಸಲಹೆ, ಮೊದಲು ಕಲ್ಪನೆಯ ಲೋಕದಲ್ಲೇ ಆಡಿ. ಪರಿಚಯದ ಹೆಸರಿದ್ದರೆ ಯಾರು ಗೆಲ್ಲಬೇಕೆಂದು ಮನಸ್ಸು ಮೊದಲೇ ನಿರ್ಧರಿಸಿಬಿಡುತ್ತದೆ. ಸಣ್ಣ ಕಂಪನಿಯಿಂದ ಶುರು ಮಾಡಿ. ಅಲ್ಲಿ ಫೈಟರ್‌ಗಳು ಕಡಿಮೆ, ಒಬ್ಬೊಬ್ಬರ ಕತೆಯೂ ನೆನಪಿರುತ್ತದೆ.

ನನ್ನ ಪೈಲ್ವಾನನಿಗೆ ಈಗ 34. ಅವನನ್ನು ಸೋಲಿಸುತ್ತಿದ್ದ ಚಾಂಪಿಯನ್ ಕೊನೆಗೂ ಬೇರೊಬ್ಬನ ಕೈಲಿ ಸೋತಿದ್ದಾನೆ. ಆ ಬೇರೊಬ್ಬನನ್ನು ನಮ್ಮವನು ಹಿಂದೆ ಮೂರು ರೌಂಡಿನ ಫೈಟ್‌ನಲ್ಲಿ ಸೋಲಿಸಿದ್ದ. ನಮ್ಮವನ ವೇಗ ಇಳಿದಿದೆ, ಸೋತರೆ ಈ ಸಲ ನಿವೃತ್ತಿಯೇ ಗತಿ ಎಂದು ಗೊತ್ತು. ಆದರೆ ಯುಎಫ್‌ಸಿಯಲ್ಲಿ ಗ್ಲೋವರ್ ಟೆಶೇರಾ 2014ರಲ್ಲಿ ಬೆಲ್ಟಿಗೆ ಆಡಿ ಸೋತು, 2021ರಲ್ಲಿ 42ನೇ ವಯಸ್ಸಿಗೆ ಗೆದ್ದಿದ್ದನ್ನು ನೋಡಿದವನು ನಾನು. ಮುಂದಿನ ಕಾರ್ಡ್‌ನ ಮುಖ್ಯ ಫೈಟ್‌ಗೆ, ಅಂದರೆ ಮೇನ್ ಈವೆಂಟ್‌ಗೆ, ಇವನ ಹೆಸರೇ ಹಾಕಿದ್ದೇನೆ, ಐದು ರೌಂಡ್.