ಬೋರ್ಡಿನ ಅಂಚಿಗೆ ಯಾವ ಪಟ್ಟಿ ಹಿಡಿಯಿತು?

ನೀರಿನ ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ನನ್ನ ಪ್ಯಾಡಲ್‌ಬೋರ್ಡಿನ ಎಡ ಅಂಚು ಎರಡೇ ವರ್ಷಕ್ಕೆ ಸವೆದಿತ್ತು. ಒಂದು ಗೇಣುದ್ದ ನೀಲಿ ಬಣ್ಣ ಪೂರ್ತಿ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ಬೆರಳಾಡಿಸಿದರೆ ಗೋಣಿಚೀಲ ಸವರಿದ ಹಾಗೆ. ಗಾಳಿ ಮಾತ್ರ ಇನ್ನೂ ಸೋರುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ಇದನ್ನು ರಿಪೇರಿ ಮಾಡುವವರು ನನಗೆ ಸಿಗಲಿಲ್ಲ. ಮಾಳಿಗೆ ಮೇಲೆ ನಾನೇ ಕೂತೆ.

ಮೊದಲು ಹೋಗಿದ್ದು ಸೈಕಲ್ ಪಂಕ್ಚರ್ ಅಂಗಡಿಗೆ. "ಎಂಥಾದ್ದಿದ್ರೂ ಹಿಡಿತೈತ್ರಿ" ಅಂದರು. ಹಿಡಿಯಲಿಲ್ಲ. 12 ಪಿಎಸ್‌ಐ ಗಾಳಿ ತುಂಬಿಟ್ಟೆ, ಬೆಳಗಾಗುವಷ್ಟರಲ್ಲಿ ಪ್ಯಾಚ್‌ನ ಮೂಲೆ ಎದ್ದಿತ್ತು. ಅವರ ತಪ್ಪೇನಿಲ್ಲ ಬಿಡಿ, ಆ ಸೊಲ್ಯೂಷನ್ ಇರುವುದು ರಬ್ಬರಿಗೆ, ಬೋರ್ಡ್ ಪಿವಿಸಿಯದ್ದು. ಹಾಗಾದರೆ ಪಿವಿಸಿ ಪೈಪಿನ ಗಮ್ ಆಗಬಹುದಲ್ವಾ ಅಂತ ಒಂದು ತುಂಡಿನ ಮೇಲೆ ಹಚ್ಚಿ ನೋಡಿದೆ. ಒಣಗಿದ ಮೇಲೆ ಮಡಚಿದರೆ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ಪುಣ್ಯಕ್ಕೆ ಬೋರ್ಡಿಗೆ ಹಚ್ಚಿರಲಿಲ್ಲ.

ಕರೆಂಟಿನವರ ಕಪ್ಪು ಟೇಪ್ ಅಗ್ಗ. ಆದರೆ ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ ಹರಿಯಿತು. ಸ್ಪಿರಿಟ್ ಹಾಕಿ ಒರೆಸುವುದರಲ್ಲೇ ಅರ್ಧ ದಿನ ಹೋಯಿತು.

ಆಮೇಲೆ ಗೋಕುಲ ರಸ್ತೆಯ ಕಾರ್ ಅಂಗಡಿಯೊಂದರಲ್ಲಿ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್‌ನ ಉಳಿದ ಪಟ್ಟಿ ಸಿಕ್ಕಿತು. ಇದು ಪಾಲಿಯುರೆಥೇನ್ ಎಂಬ ಬಗ್ಗುವ ಪ್ಲಾಸ್ಟಿಕ್. ಬೋರ್ಡಿಗೆ ಪೂರ್ತಿ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ, ಗುಳ್ಳೆ ಒತ್ತಿ ತೆಗೆಯುತ್ತಾ ಕೂರಿಸಿದೆ. ಗಣೇಶಗುಡಿ ಕಡೆ ಕಾಳಿ ನದಿಗೆ ನಾಲ್ಕು ಸಲ ಹೋಗಿ ಬಂದೆ. ಗೀರೆಲ್ಲ ಫಿಲ್ಮಿನ ಮೇಲೆ, ಕೆಳಗಿನ ಬಣ್ಣ ಹಾಗೇ ಇದೆ. ಬೋರ್ಡ್ ಸುತ್ತಿಟ್ಟಾಗ ಸುಕ್ಕು ಬೀಳುತ್ತದೆ, ತುದಿ ಸ್ವಲ್ಪ ಏಳುತ್ತದೆ, ಅದು ಇದ್ದದ್ದೇ. ನೂಲು ಎದ್ದ ಜಾಗದಲ್ಲಿ ಮಾತ್ರ ಅಂಟುವುದೇ ಇಲ್ಲ. ಅದಕ್ಕೆ ನುಣುಪು ಮೈ ಬೇಕು.

ಆ ಜಾಗಕ್ಕೆ ಕೊನೆಗೆ ಪಿವಿಸಿ ಪಟ್ಟಿ ಮತ್ತು ಎರಡು ಡಬ್ಬಿ ಕಲಸುವ ಪಾಲಿಯುರೆಥೇನ್ ಗಮ್ಮೇ ಬೇಕಾಯಿತು. ಪಟ್ಟಿಯನ್ನು ಸವೆತಕ್ಕಿಂತ ಸುತ್ತಲೂ 2 ಇಂಚು ದೊಡ್ಡದಾಗಿ ಕತ್ತರಿಸಿದೆ. ಮೂಲೆಗಳನ್ನು ದುಂಡಗೆ ಮಾಡಿದೆ, ಪಂಕ್ಚರ್ ಪ್ಯಾಚ್ ಕಲಿಸಿದ ಪಾಠ ಅದು. ಸ್ಪಿರಿಟ್‌ನಲ್ಲಿ ಒರೆಸಿ, ಎರಡೂ ಕಡೆ ತೆಳ್ಳಗೆ ಎರಡು ಸಲ ಗಮ್ ಹಚ್ಚಿ, ಬೆರಳಿಗೆ ಜಿಗಟು ಹತ್ತುವವರೆಗೆ ಕಾದೆ. ತೂತು ಇಲ್ಲದ್ದರಿಂದ ಬೋರ್ಡಿನಲ್ಲಿ ಸ್ವಲ್ಪ ಗಾಳಿ ಉಳಿಸಿಕೊಂಡೇ ಅಂಟಿಸಿದೆ, ಇಲ್ಲದಿದ್ದರೆ ಅಂಚಿನ ದುಂಡಿಗೆ ಪಟ್ಟಿ ಸರಿಯಾಗಿ ಕೂರುತ್ತಿರಲಿಲ್ಲ. ಒತ್ತಿದ್ದು ಅಡುಗೆಮನೆಯ ಲಟ್ಟಣಿಗೆಯಲ್ಲಿ. ಮನೆಯವರಿಗೆ ಇನ್ನೂ ಹೇಳಿಲ್ಲ. 24 ಗಂಟೆ ಮುಟ್ಟಲಿಲ್ಲ. ಮಳೆಗಾಲ ಕಳೆದರೂ ಉಗುರು ಹಾಕಿದರೆ ಏಳುತ್ತಿಲ್ಲ.

ಇಷ್ಟಾದ ಮೇಲೆ ಒಂದು ದಿನ ಹುಟ್ಟಿನ ಅಲಗನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಅಂಚಿನಲ್ಲಿ ಗರಗಸದಂತೆ ಸಣ್ಣ ಕಚ್ಚುಗಳಿದ್ದವು. ಬೋರ್ಡನ್ನು ತಿಂದಿದ್ದು ನದಿಯ ಬಂಡೆಯಲ್ಲ, ಹುಟ್ಟು ಹಾಕುವಾಗ ಅಂಚಿಗೆ ಉಜ್ಜುತ್ತಿದ್ದ ಈ ಅಲಗು. ಸುಮ್ನೆ ಕಾಳಿಯನ್ನು ಬೈದುಕೊಂಡಿದ್ದೆ. ಉಳಿದ ಫಿಲ್ಮನ್ನು ಅಲಗಿಗೇ ಸುತ್ತಿದೆ.