ಹೊಸಬರ ವಿಂಗ್‌ಸೂಟ್: ಗಾಂಧಿ ಬಜಾರಿನಲ್ಲಿ ಅಳತೆ, ಸ್ಪೇನ್‌ನಲ್ಲಿ ಹಾರಾಟ

ಯುರೋಪಿನ ಕಂಪನಿಯೊಂದು ಹೊಸಬರಿಗೆಂದೇ ಹೊಲಿಯುವ ವಿಂಗ್‌ಸೂಟನ್ನು, ಅಂದರೆ ವಿಮಾನದಿಂದ ಜಿಗಿದು ಹಾರಲು ತೊಡುವ ರೆಕ್ಕೆಯ ಉಡುಪನ್ನು, ಕಳೆದ ವರ್ಷ ತರಿಸಿಕೊಂಡೆ. ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿ ಸುಮಾರು 1.7 ಲಕ್ಷ ರೂಪಾಯಿ ತಗುಲಿತು. ಈವರೆಗೆ ಅದನ್ನು ತೊಟ್ಟು 31 ಬಾರಿ ಹಾರಿದ್ದೇನೆ. ಬೆಂಗಳೂರಿನಲ್ಲಿ ಇದನ್ನು ಕೊಳ್ಳುವವರು ಬೆರಳೆಣಿಕೆಯಷ್ಟೇ ಇರಬಹುದು. ಆದರೆ ವಿಡಿಯೊ ನೋಡಿ ಆಸೆಪಟ್ಟು ನನ್ನನ್ನು ವಿಚಾರಿಸುವವರು ಬಹಳ ಮಂದಿ ಇರುವುದರಿಂದ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಈ ಸೂಟನ್ನು ತೊಡುವವರ ಮೈಯಳತೆಗೇ ಹೊಲಿಯುತ್ತಾರೆ. ಕಂಪನಿ ಕಳುಹಿಸಿದ ನಮೂನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಳತೆಗಳಿದ್ದವು. ಅವನ್ನು ತೆಗೆದುಕೊಟ್ಟವರು ಗಾಂಧಿ ಬಜಾರಿನಲ್ಲಿರುವ ನಮ್ಮ ಮನೆಯ ಖಾಯಂ ದರ್ಜಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹದಿನೈದು ವರ್ಷ ದುಡಿದವರು. ಹನ್ನೊಂದು ವಾರಗಳ ನಂತರ ಪೆಟ್ಟಿಗೆ ಬಂದಾಗ ಅದನ್ನು ಮೊದಲು ಅವರ ಅಂಗಡಿಗೇ ಒಯ್ದೆ. ತೋಳಿನ ರೆಕ್ಕೆಯ ಅಂಚಿನಲ್ಲಿರುವ ಗಾಳಿಬಾಯಿಯೊಳಗೆ ಅವರು ಕೈ ತೂರಿಸಿ, ಒಂದರ ಪಕ್ಕ ಒಂದರಂತೆ ನಿಲ್ಲಿಸಿ ಹೊಲಿದಿದ್ದ ಬಟ್ಟೆಯ ಗೋಡೆಗಳನ್ನು ಬೆರಳಿನಿಂದ ಎಣಿಸಿ, "ಗಾಳಿ ಹೊಕ್ಕರೆ ಇದು ದಿಂಬಿನ ಹಾಗೆ ಉಬ್ಬುತ್ತೆ, ಅಲ್ವಾ?" ಎಂದರು. ವಿಂಗ್‌ಸೂಟಿನ ಗುಟ್ಟೆಲ್ಲ ಅಲ್ಲೇ ಇದೆ. ತೋಳು ಮತ್ತು ಪಕ್ಕೆಯ ನಡುವೆ, ಎರಡು ಕಾಲುಗಳ ನಡುವೆ ಇರುವ ನೈಲಾನ್ ಬಟ್ಟೆ ಎದುರುಗಾಳಿಯಿಂದ ಉಬ್ಬಿ ಬಿಗಿಯಾಗುತ್ತದೆ, ಮನುಷ್ಯನ ಮೈಯೇ ಒಂದು ರೆಕ್ಕೆಯ ಆಕಾರಕ್ಕೆ ಬರುತ್ತದೆ.

ಹೊಲಿಗೆಯ ಗುಣಮಟ್ಟ ಒಟ್ಟಿನಲ್ಲಿ ಉತ್ತಮವಾಗಿದೆ. ಆದರೆ ಎಡಗಾಲಿನ ಜಿಪ್ಪಿನ ಕೆಳತುದಿಗೆ ಬಾರ್‌ಟ್ಯಾಕ್ (ಬಿಚ್ಚಿಹೋಗದಂತೆ ಒತ್ತೊತ್ತಾಗಿ ಹಾಕುವ ಹೊಲಿಗೆ) ಹಾಕುವುದನ್ನು ಬಿಟ್ಟಿದ್ದಾರೆಂದು ಕಂಡುಹಿಡಿದವರು ಆ ದರ್ಜಿಯೇ. ಐದು ನಿಮಿಷದ ಕೆಲಸ, ಈಗಲೇ ಹಾಕಿಕೊಡುತ್ತೇನೆ ಎಂದರು; ನಾನು ಒಪ್ಪಲಿಲ್ಲ. ಇಂದಿನ ವಿಂಗ್‌ಸೂಟಿಗೆ 1990ರ ದಶಕದಲ್ಲಿ ರೂಪ ಕೊಟ್ಟ ಫ್ರಾನ್ಸಿನ ಪ್ಯಾಟ್ರಿಕ್ ಡ ಗೆಯಾರ್ಡೋನ್ 1998ರ ಏಪ್ರಿಲ್‌ನಲ್ಲಿ ಹವಾಯಿಯಲ್ಲಿ ತೀರಿಕೊಂಡದ್ದು, ತನ್ನ ಪ್ಯಾರಾಶೂಟ್ ವ್ಯವಸ್ಥೆಗೆ ತಾನೇ ಮಾಡಿಕೊಂಡ ಮಾರ್ಪಾಡಿನಲ್ಲಿ ಉಳಿದ ದೋಷದಿಂದ. ಕಾಲಿನ ಜಿಪ್ಪು ಪ್ಯಾರಾಶೂಟಲ್ಲ, ನಿಜ. ಆದರೂ ಈ ಕ್ರೀಡೆಯ ಯಾವ ಹೊಲಿಗೆಯನ್ನೂ ಅದರ ಕೆಲಸ ಬಲ್ಲವರ ಹೊರತು ಬೇರೆಯವರು ಮುಟ್ಟಬಾರದು ಎಂಬುದು ನನ್ನ ನಿಲುವು. ಕಂಪನಿ ತಪ್ಪನ್ನು ಒಪ್ಪಿಕೊಂಡಿತಾದರೂ ವಾಪಸು ಕಳುಹಿಸುವ ಖರ್ಚನ್ನು ನನ್ನ ತಲೆಗೇ ಕಟ್ಟಿತು, ಜೊತೆಗೆ ಇನ್ನೂ ಆರು ವಾರ ಕಾಯಿಸಿತು. ಗ್ರಾಹಕ ಸೇವೆಗೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ.

ಹಾರಾಟದ ವಿಷಯ ಬೇರೆಯೇ. ಸ್ಪೇನ್‌ನಲ್ಲಿ 13,000 ಅಡಿಯಿಂದ ಮೊದಲ ಬಾರಿ ಜಿಗಿದಾಗ, ವಿಮಾನದ ಬಾಲಕ್ಕೆ ಬಡಿಯದಿರಲೆಂದು ರೆಕ್ಕೆಗಳನ್ನು ಮುಚ್ಚಿಕೊಂಡು ಎರಡು ಎಣಿಸಿ, ಆಮೇಲೆ ತೋಳು ಚಾಚಿದೆ. ಎದೆಯ ಎರಡೂ ಬದಿ ಬಟ್ಟೆ ಮೃದಂಗದ ಚರ್ಮದಂತೆ ಬಿಗಿಯಿತು. ಕೆಳಮುಖವಾಗಿದ್ದ ಸೆಳೆತ ನಿಧಾನವಾಗಿ ಮುಂದಕ್ಕೆ ತಿರುಗಿತು, ಬೀಳುತ್ತಿದ್ದವನು ಸಾಗತೊಡಗಿದೆ. ಸಾಮಾನ್ಯ ಸ್ಕೈಡೈವಿಂಗ್‌ನಲ್ಲಿ ಗಂಟೆಗೆ ಸುಮಾರು 200 ಕಿ.ಮೀ. ವೇಗದಲ್ಲಿ ಕೆಳಗಿಳಿಯುವ ದೇಹ ಈ ಸೂಟಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಇಳಿಯುತ್ತದೆ. ಪ್ಯಾರಾಶೂಟ್ ತೆರೆಯುವ 5,000 ಅಡಿಯ ಎತ್ತರ ತಲುಪಲು ಮುಕ್ಕಾಲು ನಿಮಿಷದ ಬದಲು ಎರಡು ನಿಮಿಷದ ಹತ್ತಿರ ಹಿಡಿಯಿತು, ಅಷ್ಟರಲ್ಲಿ ಸುಮಾರು ಐದು ಕಿ.ಮೀ. ಸಾಗಿದ್ದೆ. ಜಯನಗರ ನಾಲ್ಕನೇ ಬ್ಲಾಕಿನಿಂದ ಕೆ.ಆರ್. ವೃತ್ತಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ. ಆ ಎರಡು ನಿಮಿಷಗಳಿಗಾಗಿ ನಾನು ಮತ್ತೆ ಮತ್ತೆ ಹೋಗುತ್ತೇನೆ, ಅದರಲ್ಲಿ ಸಂಶಯವಿಲ್ಲ.

ಆದರೆ ಈ ಸೂಟು ರೆಕ್ಕೆ ಕೊಡುವಾಗ ಕೈಕಾಲುಗಳನ್ನು ಕಿತ್ತುಕೊಳ್ಳುತ್ತದೆ. ಏಳನೇ ಹಾರಾಟದಲ್ಲಿ ಪೈಲಟ್ ಚ್ಯೂಟನ್ನು, ಅಂದರೆ ಮುಖ್ಯ ಪ್ಯಾರಾಶೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಶೂಟನ್ನು, ಎಳೆಯುವಾಗ ನನ್ನ ಎಡ ತೋಳು ಬಲ ತೋಳಿಗಿಂತ ಅರೆಕ್ಷಣ ತಡವಾಗಿ ಮಡಚಿತು. ಅಷ್ಟಕ್ಕೇ ಮೈ ಓರೆಯಾಗಿ, ತೆರೆದ ಪ್ಯಾರಾಶೂಟಿನ ಹಗ್ಗಗಳು ಮೂರು ಸುತ್ತು ತಿರುಚಿಕೊಂಡವು. ಬರಿಯ ಜಂಪ್‌ಸೂಟಿನಲ್ಲಾದರೆ ಕಾಲು ಝಾಡಿಸಿ ಬಿಡಿಸಿಕೊಳ್ಳಬಹುದು. ಇಲ್ಲಿ ಎರಡೂ ಕಾಲು ಒಂದೇ ಚೀಲದಲ್ಲಿವೆ. ಕೈಯ ಜಿಪ್ಪುಗಳನ್ನು ಬಿಚ್ಚಿ, ರೈಸರ್‌ಗಳನ್ನು (ಹಗ್ಗಗಳನ್ನು ಭುಜಕ್ಕೆ ಸೇರಿಸುವ ಪಟ್ಟಿಗಳು) ಅಗಲಿಸಿ ಹಿಡಿದು ಆ ತಿರುಚನ್ನು ಬಿಡಿಸುವ ಹೊತ್ತಿಗೆ 3,000 ಅಡಿಗೆ ಬಂದಿದ್ದೆ. ಸಾಮಾನ್ಯಕ್ಕಿಂತ ಎತ್ತರದಲ್ಲೇ ತೆರೆಯಿರಿ, ದೊಡ್ಡದಾದ ನಿಧಾನಗತಿಯ ಪ್ಯಾರಾಶೂಟನ್ನೇ ಬಳಸಿ ಎಂದು ತರಬೇತುದಾರರು ಹಟ ಹಿಡಿಯುವುದು ಏಕೆಂದು ಅಂದು ಮನದಟ್ಟಾಯಿತು.

ಇದಕ್ಕಿಂತಲೂ ಭಯ ಹುಟ್ಟಿಸುವ ವಿಷಯ ನೆಲದ ಮೇಲಿನದು. ಹಾರ್ನೆಸ್‌ನ (ಪ್ಯಾರಾಶೂಟನ್ನು ಮೈಗೆ ಬಿಗಿಯುವ ಪಟ್ಟಿಗಳ ಜೋಡಣೆ) ತೊಡೆಪಟ್ಟಿಗಳು ಈ ಸೂಟಿನ ಒಳಗೆ ಮರೆಯಾಗುತ್ತವೆ. ಜಿಪ್ಪು ಎಳೆದ ಮೇಲೆ ಪಟ್ಟಿ ಬಿಗಿದಿದೆಯೋ ಇಲ್ಲವೋ ಎಂಬುದು ಪಕ್ಕದಲ್ಲಿ ನಿಂತವರಿಗೂ ಕಾಣಿಸುವುದಿಲ್ಲ. ಸೂಟೇ ಬಿಗಿಯಾಗಿರುವುದರಿಂದ ತೊಟ್ಟವರಿಗೂ ತಿಳಿಯದೆ ಹೋಗಬಹುದು. ಅದನ್ನು ಮರೆತು ಜಿಗಿದು ಹಾರ್ನೆಸ್‌ನಿಂದ ಜಾರಿ ಸತ್ತ ಅನುಭವಿಗಳಿದ್ದಾರೆ. ಕೈಪಿಡಿಯಲ್ಲಿ ಈ ಬಗ್ಗೆ ಇರುವುದು ಒಂದೇ ಸಾಲು. ಕಾಲಿನ ಜಿಪ್ಪಿನ ಪಕ್ಕದಲ್ಲೇ ಕೆಂಪು ಪಟ್ಟಿಯೊಂದರ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆದು ಹೊಲಿಯಬೇಕಿತ್ತು.

ಕಂಪನಿಯ ಜಾಹೀರಾತಿನ ಬಗ್ಗೆ ನನ್ನ ಆಕ್ಷೇಪ ಕಟುವಾಗಿಯೇ ಇದೆ. ಹೊಸಬರ ಸೂಟನ್ನು ಮಾರುವ ಪುಟದಲ್ಲಿ ಬಂಡೆಗೆ ಮೈ ತಾಗುವಷ್ಟು ಸಮೀಪದಲ್ಲಿ ಹಾರುವ ದೃಶ್ಯಗಳಿವೆ. ವಿಮಾನದಿಂದ ಜಿಗಿದವರಿಗೆ ತಪ್ಪನ್ನು ತಿದ್ದಿಕೊಳ್ಳಲು ಎತ್ತರವಿರುತ್ತದೆ, ಬೆನ್ನ ಮೇಲೆ ಎರಡನೇ ಪ್ಯಾರಾಶೂಟ್ ಇರುತ್ತದೆ. ಬೆಟ್ಟದಿಂದ ಜಿಗಿದವರಿಗೆ ಎರಡೂ ಇರುವುದಿಲ್ಲ. 2015ರಲ್ಲಿ ಅಮೆರಿಕದ ಯೊಸೆಮಿಟಿಯಲ್ಲಿ ಡೀನ್ ಪಾಟರ್, 2017ರಲ್ಲಿ ನೇಪಾಳದ ಅಮಾ ದಬ್ಲಮ್‌ನಲ್ಲಿ ವಲೇರಿ ರೋಜೊವ್ ಪ್ರಾಣ ಕಳೆದುಕೊಂಡರು. ಇಬ್ಬರೂ ಈ ವಿದ್ಯೆಯಲ್ಲಿ ಪಳಗಿದವರು. ನಂದಿಬೆಟ್ಟದಿಂದಲೋ ಸಾವನದುರ್ಗದಿಂದಲೋ ಜಿಗಿಯಬಹುದೇ ಎಂದು ಕೇಳುವ ಹುಡುಗರಿಗೆ ನನ್ನ ಉತ್ತರ ಒಂದೇ, ಬೇಡ. ಸೂಟು ಉಬ್ಬಿ ಹಾರಾಟ ಹಿಡಿಯುವುದಕ್ಕೇ ನೂರಾರು ಅಡಿ ನೇರ ಪ್ರಪಾತ ಬೇಕು. ಸಾವನದುರ್ಗದ ಬಂಡೆ ಇಳಿಜಾರಾಗಿದೆ.

ಅಮೆರಿಕದ ಪ್ಯಾರಾಶೂಟ್ ಸಂಘದ ನಿಯಮದ ಪ್ರಕಾರ ವಿಂಗ್‌ಸೂಟ್ ತೊಡುವ ಮುನ್ನ ಕನಿಷ್ಠ 200 ಜಿಗಿತಗಳು ಆಗಿರಬೇಕು. ಮೈಸೂರಿನ ಒಂದು ಟ್ಯಾಂಡಮ್ ಜಿಗಿತದಿಂದ (ತರಬೇತುದಾರರ ಮೈಗೆ ಕಟ್ಟಿಕೊಂಡು ಜಿಗಿಯುವುದು) ಶುರುಮಾಡಿದ ನಾನು, ಥಾಯ್ಲೆಂಡ್ ಮತ್ತು ಸ್ಪೇನ್‌ಗೆ ರಜೆ ಹಾಕಿ ಹೋಗಿಬಂದು ಆ ಸಂಖ್ಯೆ ಮುಟ್ಟಲು ಆರು ವರ್ಷ ಬೇಕಾಯಿತು. ಅಷ್ಟು ಜಿಗಿತ ಮುಗಿಸಿದವರಿಗೆ ಈ ಸೂಟನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ; ಸೂಟಿಗೆ ಐದರಲ್ಲಿ ನಾಲ್ಕು. ನನ್ನದನ್ನು ಒಮ್ಮೆ ತೊಟ್ಟು ನೋಡಬೇಕೆನ್ನುವವರು ಲಾಗ್‌ಬುಕ್ (ಜಿಗಿತಗಳ ದಾಖಲೆ ಪುಸ್ತಕ) ಹಿಡಿದು ಬರಲಿ, ಮನೆಯ ಹಜಾರದಲ್ಲಿ ಹಾರ್ನೆಸ್ ಸಮೇತ ತೊಡಿಸಿ, ತೊಡೆಪಟ್ಟಿಗಳನ್ನು ಮುಟ್ಟಿ ನೋಡಿಕೊಳ್ಳುವುದನ್ನು ನಾನೇ ಕಲಿಸುತ್ತೇನೆ.